ಊಹಿಸುವ ಮೊದಲು ನೋಡಿ: ಪ್ರೊಡಕ್ಷನ್ ಎಂಜಿನಿಯರ್ ಆಗಬೇಕೆನ್ನುವವರಿಗೆ

ಸರ್ವರಿನ ಡಿಸ್ಕ್ ತುಂಬಿದೆ. ಅಪ್ಲಿಕೇಶನ್ ಏನನ್ನಾದರೂ ಬರೆಯಲು ಹೋದರೆ ‘ಜಾಗ ಇಲ್ಲ’ ಅನ್ನುವ ಎರರ್ ಬರುತ್ತಿದೆ. ನೀವು ಲಾಗಿನ್ ಆಗಿ ಡಿಎಫ್ ಕಮಾಂಡ್ ಹಾಕುತ್ತೀರಿ. 100 ಜಿಬಿಗೆ 100 ಜಿಬಿಯೂ ಖರ್ಚಾಗಿದೆ ಅನ್ನುತ್ತದೆ. ಸರಿ, ಯಾವ ಫೋಲ್ಡರ್ ಇಷ್ಟೊಂದು ತಿಂದಿದೆ ನೋಡೋಣ ಅಂತ ಡಿಯು ಹಾಕುತ್ತೀರಿ. ಎಲ್ಲವನ್ನೂ ಕೂಡಿಸಿದರೂ 40 ಜಿಬಿ ದಾಟುವುದಿಲ್ಲ. ಮಿಕ್ಕ 60 ಜಿಬಿ ಎಲ್ಲಿ ಹೋಯಿತು?

ಎರಡೂ ಕಮಾಂಡ್‌ಗಳು ನಿಜವನ್ನೇ ಹೇಳುತ್ತಿವೆ. ಡಿಎಫ್ ನೇರವಾಗಿ ಫೈಲ್‌ಸಿಸ್ಟಮ್ಮನ್ನೇ ಕೇಳುತ್ತದೆ: ಎಷ್ಟು ಬ್ಲಾಕ್ ಖಾಲಿ ಇವೆ? ಡಿಯು ಒಂದೊಂದೇ ಫೋಲ್ಡರಿನೊಳಗೆ ಇಳಿದು, ಕಣ್ಣಿಗೆ ಬಿದ್ದ ಫೈಲ್‌ಗಳನ್ನೆಲ್ಲ ಕೂಡಿಸುತ್ತಾ ಹೋಗುತ್ತದೆ. ಲಿನಕ್ಸಿನಲ್ಲಿ ಫೈಲಿನ ಹೆಸರೇ ಬೇರೆ, ಫೈಲೇ ಬೇರೆ. ನೀವು ಆರ್‌ಎಂ ಹಾಕಿದಾಗ ಹೋಗುವುದು ಹೆಸರು ಮಾತ್ರ. ಯಾವುದಾದರೂ ಪ್ರೋಸೆಸ್ ಆ ಫೈಲನ್ನು ತೆರೆದು ಹಿಡಿದಿದ್ದರೆ, ಅದು ಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ. ಇಲ್ಲಿ ಆಗಿರುವುದು ಅದೇ. ಜಾಗ ಉಳಿಸೋಣ ಅಂತ ಯಾರೋ ದೊಡ್ಡ ಲಾಗ್ ಫೈಲನ್ನು ಅಳಿಸಿದ್ದಾರೆ. ಅಪ್ಲಿಕೇಶನ್‌ಗೆ ಅದು ಗೊತ್ತಿಲ್ಲ. ಹೆಸರಿಲ್ಲದ ಆ ಫೈಲಿಗೆ ಅದು ಇನ್ನೂ ಬರೆಯುತ್ತಲೇ ಇದೆ. ಎಲ್‌ಎಸ್‌ಓಎಫ್ ಹಾಕಿ ನೋಡಿದರೆ ಆ ಫೈಲಿನ ಪಕ್ಕದಲ್ಲೇ ‘ಡಿಲೀಟೆಡ್’ ಅಂತ ಕಾಣಿಸುತ್ತದೆ. ಪ್ರೋಸೆಸ್ಸನ್ನು ರೀಸ್ಟಾರ್ಟ್ ಮಾಡಿದರೆ 60 ಜಿಬಿ ತಕ್ಷಣ ವಾಪಸ್.

ಪ್ರೊಡಕ್ಷನ್ ಎಂಜಿನಿಯರ್ ಆಗಬೇಕು, ಏನೇನು ಕಲಿಯಬೇಕು ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ಈ ಡಿಸ್ಕಿನ ಲೆಕ್ಕವನ್ನು ಬಿಡಿಸಲು ಕೊಡುತ್ತೇನೆ. ಕಮಾಂಡ್‌ಗಳು ಎಲ್ಲರಿಗೂ ಗೊತ್ತಿರುತ್ತವೆ. ಅವು ಯಾರನ್ನು ಕೇಳಿ ಉತ್ತರ ತರುತ್ತವೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಈ ಕೆಲಸದಲ್ಲಿ ಜಾಸ್ತಿ ಬೆಲೆ ಇರುವುದು ಎರಡನೆಯದಕ್ಕೆ.

ಕಾರ್ಖಾನೆಗಳಲ್ಲೂ ಪ್ರೊಡಕ್ಷನ್ ಎಂಜಿನಿಯರ್‌ಗಳು ಇರುತ್ತಾರೆ. ನಾನು ಹೇಳುತ್ತಿರುವುದು ಸಾಫ್ಟ್‌ವೇರಿನವರ ಬಗ್ಗೆ. ಬರೆದ ಕೋಡ್ ಜನರ ಕೈಗೆ ಹೋದ ಮೇಲೆ ಅದು ನಿಲ್ಲದೆ ಓಡುವಂತೆ ನೋಡಿಕೊಳ್ಳುವವರು. ಗೂಗಲ್‌ನಲ್ಲಿ 2003ರಲ್ಲಿ ಬೆನ್ ಟ್ರೇನರ್ ಸ್ಲಾಸ್ ಇಂಥದೊಂದು ತಂಡ ಕಟ್ಟಿದರು. ಸರ್ವರ್ ನೋಡಿಕೊಳ್ಳುವ ಕೆಲಸವನ್ನು ಸಾಫ್ಟ್‌ವೇರ್ ಎಂಜಿನಿಯರ್‌ಗಳ ಕೈಗೆ ಕೊಟ್ಟರೆ ಹೇಗಿರುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ. ಅಲ್ಲಿ ಅದಕ್ಕೆ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್) ಅಂತ ಹೆಸರಾಯಿತು. ಫೇಸ್‌ಬುಕ್‌ನಲ್ಲಿ ಪ್ರೊಡಕ್ಷನ್ ಎಂಜಿನಿಯರ್ ಅಂದರು. ಇನ್ನೂ ಕೆಲವು ಕಡೆ ಡೆವ್‌ಆಪ್ಸ್, ಪ್ಲಾಟ್‌ಫಾರ್ಮ್ ಅಂತಾರೆ. ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕೆಲಸದ ಜಾಹೀರಾತು ನೋಡಿದರೆ ಭಯವಾಗುತ್ತದೆ, ಅಲ್ವಾ? ಕುಬರ್ನೆಟಿಸ್, ಟೆರಾಫಾರ್ಮ್, ಪ್ರೊಮಿಥಿಯಸ್, ಗ್ರಫಾನಾ, ಯಾವುದೋ ಎರಡು ಕ್ಲೌಡ್, ಮೂರು ಭಾಷೆ. ಅವುಗಳಲ್ಲಿ ಒಂದೊಂದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು. ಹೇಗೂ ಕೆಲವು ವರ್ಷಕ್ಕೆ ಅವು ಬದಲಾಗುತ್ತವೆ. ಕೆಳಗಿರುವ ಲಿನಕ್ಸ್ ಮತ್ತು ಟಿಸಿಪಿ (ಯಂತ್ರಗಳು ನೆಟ್‌ವರ್ಕ್‌ನಲ್ಲಿ ಮಾತಾಡುವ ನಿಯಮ) ಅಷ್ಟಾಗಿ ಬದಲಾಗಿಲ್ಲ. ತುಂಬಾ ಸರ್ವರ್‌ಗಳ ಮೇಲೆ ಅಪ್ಲಿಕೇಶನ್ ಓಡಿಸುವ ಕುಬರ್ನೆಟಿಸ್‌ನಲ್ಲಿ ಒಂದು ಪಾಡ್ (ಅಪ್ಲಿಕೇಶನ್ನಿನ ಓಡುತ್ತಿರುವ ಒಂದು ಪ್ರತಿ) ಸತ್ತು ಸತ್ತು ಹುಟ್ಟುತ್ತಿದೆ, ಎಕ್ಸಿಟ್ ಕೋಡ್ 137 ಅಂತ ಬರುತ್ತಿದೆ ಅಂದುಕೊಳ್ಳಿ. 137 ಅಂದರೆ 128ಕ್ಕೆ 9 ಸೇರಿಸಿದ್ದು. 9 ಅಂದರೆ ಕಿಲ್ ಸಿಗ್ನಲ್. ಅದು ತಾನಾಗಿ ಸತ್ತಿಲ್ಲ, ಹೊರಗಿನಿಂದ ಯಾರೋ ಕೊಂದಿದ್ದಾರೆ. ಹೆಚ್ಚಿನ ಸಲ ಅದು ಮೆಮೊರಿ ಮಿತಿ ದಾಟಿದ್ದಕ್ಕೆ ಕರ್ನಲ್ (ಲಿನಕ್ಸಿನ ಒಳತಿರುಳು) ಮಾಡಿದ ಕೆಲಸ. ಈ ಲೆಕ್ಕ ಕುಬರ್ನೆಟಿಸ್ ಹುಟ್ಟುವ ಮೊದಲೂ ಇತ್ತು.

ಲಿನಕ್ಸಿನಲ್ಲಿ ಎಲ್ಲಿಂದ ಶುರು ಮಾಡಬೇಕು? ಪ್ರೋಸೆಸ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಈ ನಾಲ್ಕರಲ್ಲೂ ಕರ್ನಲ್ ಏನು ಮಾಡುತ್ತದೆ ಅಂತ ತಿಳಿಯಿರಿ. ಪುಸ್ತಕ ಓದಿ ಮುಗಿಸಿ ಆಮೇಲೆ ಯಂತ್ರ ಮುಟ್ಟುತ್ತೇನೆ ಅಂತ ಕಾಯಬೇಡಿ. ಒಂದು ಸಂಖ್ಯೆ ಕಣ್ಣಿಗೆ ಬಿತ್ತಾ, ಅದು ಎಲ್ಲಿಂದ ಬಂತು ಅಂತ ಬೆನ್ನು ಹತ್ತಿ.

ಲೋಡ್ ಆವರೇಜ್ ತೆಗೆದುಕೊಳ್ಳಿ. ಅಪ್‌ಟೈಮ್ ಕಮಾಂಡ್ ಹಾಕಿದರೆ ಮೂರು ಸಂಖ್ಯೆ ಬರುತ್ತವೆ. ಕಳೆದ 1, 5, 15 ನಿಮಿಷಗಳ ಸರಾಸರಿ. ಎಂಟು ಕೋರ್ ಇರುವ ಸರ್ವರಿನಲ್ಲಿ ಲೋಡ್ 80 ಅಂತ ತೋರಿಸಿದರೆ ಸಿಪಿಯು ಸಾಲುತ್ತಿಲ್ಲ ಅಂತ ಹೆಚ್ಚಿನವರು ತೀರ್ಮಾನಿಸುತ್ತಾರೆ. ಆದರೆ ಟಾಪ್‌ನಲ್ಲಿ ನೋಡಿದರೆ ಸಿಪಿಯು ಮುಕ್ಕಾಲು ಪಾಲು ಸುಮ್ನೆ ಕೂತಿರಬಹುದು. ಇದು ಹೇಗೆ? ಲಿನಕ್ಸ್ ತನ್ನ ಲೋಡ್ ಲೆಕ್ಕದಲ್ಲಿ ಸಿಪಿಯುಗಾಗಿ ಕಾಯುವವರ ಜೊತೆಗೆ, ಡಿಸ್ಕಿನಂಥವುಗಳ ಉತ್ತರಕ್ಕಾಗಿ ಎಚ್ಚರಿಸಲಾಗದ ನಿದ್ದೆಯಲ್ಲಿ ಇರುವ ಪ್ರೋಸೆಸ್‌ಗಳನ್ನೂ ಸೇರಿಸುತ್ತದೆ. ಪಿಎಸ್ ಹಾಕಿದರೆ ಅವುಗಳ ಸ್ಥಿತಿ ‘ಡಿ’ ಅಂತ ಬರುತ್ತದೆ. ನೆಟ್‌ವರ್ಕ್ ಮೇಲಿನ ಸ್ಟೋರೇಜ್ ಒಂದು ನಿಂತುಹೋದರೆ ಅದನ್ನು ಮುಟ್ಟಿದ ಪ್ರತಿಯೊಂದು ಪ್ರೋಸೆಸ್ಸೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಲೋಡ್ ಏರುತ್ತಾ ಹೋಗುತ್ತದೆ. ಈ ಹೊತ್ತಿನಲ್ಲಿ ಇನ್ನಷ್ಟು ಸಿಪಿಯು ತಂದು ಸೇರಿಸಿದರೆ ಏನೂ ಉಪಯೋಗವಿಲ್ಲ.

ಮೆಮೊರಿಯದ್ದೂ ಹೀಗೇ. ಫ್ರೀ ಕಮಾಂಡ್ ಹಾಕಿದಾಗ ‘ಫ್ರೀ’ ಕಾಲಮ್ಮಿನಲ್ಲಿ ಸ್ವಲ್ಪವೇ ಉಳಿದಿದೆ ಅಂತ ಗಾಬರಿಯಾಗಬೇಡಿ. ಖಾಲಿ ಬಿದ್ದಿರುವ ಮೆಮೊರಿಯನ್ನು ಲಿನಕ್ಸ್ ಓದಿದ ಫೈಲ್‌ಗಳನ್ನು ಇಟ್ಟುಕೊಳ್ಳಲು ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ‘ಅವೇಲಬಲ್’ ಕಾಲಮ್.

ಈಗ ನನಗೆ ತುಂಬಾ ಇಷ್ಟವಾದ ಟೂಲ್‌ಗೆ ಬರುತ್ತೇನೆ. ಎಸ್‌ಟ್ರೇಸ್. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಇದನ್ನು ಸನ್‌ಓಎಸ್‌ಗಾಗಿ ಬರೆದರು, ಆಮೇಲೆ ಲಿನಕ್ಸಿಗೆ ಬಂತು. ಒಂದು ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಪ್ರತಿಯೊಂದು ಕರೆಯನ್ನೂ ಇದು ಸಾಲು ಸಾಲಾಗಿ ತೋರಿಸುತ್ತದೆ. ಯಾವ ಫೈಲ್ ತೆರೆಯಿತು, ಯಾರಿಗೆ ಕನೆಕ್ಟ್ ಆಯಿತು, ಎಷ್ಟು ಹೊತ್ತು ಕಾಯಿತು, ಎಲ್ಲ. ಕಾನ್ಫಿಗ್ ಫೈಲ್ ಬದಲಾಯಿಸಿದರೂ ಪರಿಣಾಮ ಕಾಣುತ್ತಿಲ್ಲವಾ? ಪ್ರೋಗ್ರಾಂ ಯಾವ ಫೈಲನ್ನು ನಿಜಕ್ಕೂ ಓದುತ್ತಿದೆ ಅಂತ ಎಸ್‌ಟ್ರೇಸ್ ಅರ್ಧ ನಿಮಿಷದಲ್ಲಿ ಹೇಳುತ್ತದೆ. ನೀವು ತಿದ್ದಿದ ಫೈಲ್ ಒಂದು, ಅದು ಓದುತ್ತಿರುವ ಫೈಲ್ ಇನ್ನೊಂದು ಆಗಿರುವುದು ಎಷ್ಟು ಸಾಮಾನ್ಯ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಒಂದು ಎಚ್ಚರಿಕೆ: ಎಸ್‌ಟ್ರೇಸ್ ಪ್ರತಿ ಕರೆಗೂ ಪ್ರೋಗ್ರಾಮನ್ನು ನಿಲ್ಲಿಸಿ ನೋಡುತ್ತದೆ. ಹಾಗಾಗಿ ಓಡುತ್ತಿರುವ ಡೇಟಾಬೇಸ್ ಮೇಲೆ ಹಾಕಿದರೆ ಅದು ತೆವಳಲು ಶುರುವಾಗುತ್ತದೆ. ಅಂಥ ಕಡೆ ಪರ್ಫ್ ಅಥವಾ ಇಬಿಪಿಎಫ್ (ಕರ್ನಲ್ ಒಳಗೇ ಪುಟ್ಟ ಪ್ರೋಗ್ರಾಂ ಓಡಿಸುವ ಸೌಲಭ್ಯ) ಮೇಲೆ ಕಟ್ಟಿದ ಟೂಲ್‌ಗಳನ್ನು ಹಿಡಿಯಿರಿ. ಅವುಗಳ ಭಾರ ತುಂಬಾ ಕಡಿಮೆ.

ಅನುಭವಸ್ಥರು ಕೆಲವೊಮ್ಮೆ ಲಾಗ್ ನೋಡಿದ ತಕ್ಷಣ ‘ಡಿಎನ್‌ಎಸ್ ನೋಡಿ’ (ಡಿಎನ್‌ಎಸ್ ಅಂದರೆ ಸರ್ವರಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅಂದುಬಿಡುತ್ತಾರೆ. ಪಕ್ಕದಲ್ಲಿ ಕೂತವರಿಗೆ ಅದು ಮಾಯೆಯ ಹಾಗೆ ಕಾಣುತ್ತದೆ. ಅವರು ನೋಡುವುದು ಸಂಖ್ಯೆಯನ್ನು. ಒಂದು ರಿಕ್ವೆಸ್ಟ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಆಗೊಮ್ಮೆ ಈಗೊಮ್ಮೆ 5.02 ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂದುಕೊಳ್ಳಿ. ಈ 5 ಎಲ್ಲಿಂದ ಬಂತು? ಲಿನಕ್ಸಿನಲ್ಲಿ ಹೆಸರು ಹುಡುಕುವ ಲೈಬ್ರರಿ ಒಂದು ಡಿಎನ್‌ಎಸ್ ಸರ್ವರಿನ ಉತ್ತರಕ್ಕೆ ಡೀಫಾಲ್ಟಾಗಿ 5 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಮುಂದಿನ ಸರ್ವರನ್ನು ಕೇಳುತ್ತದೆ. ಅಂದರೆ ಮೊದಲ ಡಿಎನ್‌ಎಸ್ ಪ್ಯಾಕೆಟ್ ಎಲ್ಲೋ ಕಳೆದುಹೋಗಿದೆ, ಎರಡನೆಯದಕ್ಕೆ ಉತ್ತರ ಬಂದಿದೆ. ತಡವಾಗಿರುವುದು 1 ಸೆಕೆಂಡ್, ಇಲ್ಲವೇ 3, ಇಲ್ಲವೇ 7 ಆಗಿದ್ದರೆ ನನ್ನ ಅನುಮಾನ ಟಿಸಿಪಿಯ ಮೊದಲ ಪ್ಯಾಕೆಟ್ ಮೇಲೆ. ಕನೆಕ್ಷನ್ ಕೇಳುವ ಪ್ಯಾಕೆಟ್‌ಗೆ ಉತ್ತರ ಬರದಿದ್ದರೆ ಲಿನಕ್ಸ್ 1 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ. 6.5ಕ್ಕಿಂತ ಹಳೆಯ ಕರ್ನಲ್‌ಗಳಲ್ಲಿ ಆಮೇಲೆ 2, ಆಮೇಲೆ 4. ಕೂಡಿಸಿದರೆ 1, 3, 7. ಸರಿಯಾಗಿ 40 ಮಿಲಿಸೆಕೆಂಡ್ ಅಂಟಿಕೊಂಡಿದ್ದರೆ ಒಂದು ಕಡೆ ಸಣ್ಣ ಪ್ಯಾಕೆಟ್‌ಗಳನ್ನು ಕೂಡಿಹಾಕುವ ನೇಗಲ್ ವಿಧಾನ, ಇನ್ನೊಂದು ಕಡೆ ಅಕ್ನಾಲೆಡ್ಜ್‌ಮೆಂಟ್ ತಡ ಮಾಡುವ ಪದ್ಧತಿ, ಇವೆರಡೂ ಒಬ್ಬರಿಗಾಗಿ ಒಬ್ಬರು ಕಾಯುತ್ತಿರಬಹುದು. ಸರಿಯಾಗಿ 60 ಸೆಕೆಂಡಿಗೆ 504 ಎರರ್ ಬಂದರೆ ಮುಂದೆ ನಿಂತು ರಿಕ್ವೆಸ್ಟ್ ದಾಟಿಸುವ ಎನ್‌ಜಿನ್‌ಎಕ್ಸ್ ಪ್ರಾಕ್ಸಿಯ ಟೈಮೌಟ್ ನೋಡಿ, ಅದರ ಡೀಫಾಲ್ಟ್ 60.

ದುಂಡು ಸಂಖ್ಯೆ ಕಂಡರೆ ಅದನ್ನು ಬಿಡಬೇಡಿ. ಕೆಲಸ ಜಾಸ್ತಿಯಾಗಿ ತಡವಾದರೆ ಸಮಯ ಹೆಚ್ಚು ಕಡಿಮೆ ಆಗುತ್ತಾ ಇರುತ್ತದೆ. ಯಾರೋ ಇಟ್ಟ ಟೈಮರ್ ಮುಗಿದು ತಡವಾದರೆ ಪ್ರತಿ ಸಲವೂ ಅಷ್ಟೇ ಬರುತ್ತದೆ. ಈ ಒಂದು ಗಮನ ಎಷ್ಟೋ ಗಂಟೆಗಳ ಹುಡುಕಾಟವನ್ನು ಉಳಿಸುತ್ತದೆ.

ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ ನೋಡಲು ಟಿಸಿಪಿಡಂಪ್ ಇದೆ. 1988ರ ಸುಮಾರಿಗೆ ಲಾರೆನ್ಸ್ ಬರ್ಕ್‌ಲಿ ಲ್ಯಾಬಿನಲ್ಲಿ ಹುಟ್ಟಿದ ಇದು ಇವತ್ತಿಗೂ ಅಷ್ಟೇ ಉಪಯುಕ್ತ. ‘ನಾವು ಕಳಿಸಿದ್ದೇವೆ’, ‘ನಮಗೆ ಬಂದೇ ಇಲ್ಲ’ ಅಂತ ಎರಡು ತಂಡಗಳ ನಡುವೆ ವಾದ ನಡೆಯುತ್ತಿದ್ದರೆ ಎರಡೂ ಕಡೆ ಇದನ್ನು ಹಾಕಿ. ವಾದ ಅಲ್ಲಿಗೆ ಮುಗಿಯುತ್ತದೆ. ಜೊತೆಗೆ ಡಿಗ್ (ಡಿಎನ್‌ಎಸ್ ಕೇಳಲು), ಕರ್ಲ್ (ರಿಕ್ವೆಸ್ಟ್ ಕಳಿಸಲು), ಎಸ್‌ಎಸ್ (ಕನೆಕ್ಷನ್‌ಗಳ ಸ್ಥಿತಿ ನೋಡಲು) ಇವಿಷ್ಟು ಕೈಗೆ ಕೂತಿರಲಿ.

ಎಸ್‌ಎಸ್ ಹಾಕಿ ನೋಡಬೇಕಾದ ಒಂದು ಪ್ರಸಂಗ ಹೇಳುತ್ತೇನೆ. ಒಂದು ಸರ್ವೀಸ್ ಇನ್ನೊಂದು ಸರ್ವೀಸನ್ನು ಪದೇ ಪದೇ ಕರೆಯುತ್ತದೆ. ಪ್ರತಿ ಕರೆಗೂ ಹೊಸ ಕನೆಕ್ಷನ್ ತೆರೆದು, ಕೆಲಸ ಆದಮೇಲೆ ಮುಚ್ಚುತ್ತದೆ. ಟ್ರಾಫಿಕ್ ಕಡಿಮೆ ಇದ್ದಾಗ ಎಲ್ಲ ಚೆನ್ನಾಗಿದೆ. ಏರಿದ ದಿನ ‘ವಿಳಾಸ ಕೊಡಲು ಆಗುತ್ತಿಲ್ಲ’ ಅನ್ನುವಂಥ ಎರರ್ ಸುರಿಯುತ್ತದೆ. ಸಿಪಿಯು ಆರಾಮಾಗಿದೆ. ಮೆಮೊರಿ ಆರಾಮಾಗಿದೆ. ಆ ಕಡೆಯ ಸರ್ವೀಸೂ ಆರಾಮಾಗಿದೆ. ಗ್ರಾಫ್‌ಗಳಲ್ಲಿ ಏನೂ ಕಾಣುವುದಿಲ್ಲ. ಎಸ್‌ಎಸ್ ಹಾಕಿದರೆ ಸಾವಿರಾರು ಕನೆಕ್ಷನ್‌ಗಳು ‘ಟೈಮ್‌ ವೇಟ್’ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಕಾಯುವ) ಸ್ಥಿತಿಯಲ್ಲಿ ಸಾಲಾಗಿ ನಿಂತಿರುತ್ತವೆ.

ಲೆಕ್ಕ ಹಾಕಿ. ಹೊರಗೆ ಹೋಗುವ ಕನೆಕ್ಷನ್‌ಗಳಿಗೆ ಲಿನಕ್ಸ್ ಡೀಫಾಲ್ಟಾಗಿ 32768ರಿಂದ 60999ರವರೆಗಿನ ಪೋರ್ಟ್‌ಗಳನ್ನು ಕೊಡುತ್ತದೆ. ಒಟ್ಟು 28,232. ಮೊದಲು ಮುಚ್ಚಿದ ಕಡೆಯಲ್ಲಿ ಆ ಕನೆಕ್ಷನ್ 60 ಸೆಕೆಂಡ್ ಟೈಮ್‌ ವೇಟ್‌ನಲ್ಲಿ ಉಳಿಯುತ್ತದೆ. 28,232ನ್ನು 60ರಿಂದ ಭಾಗಿಸಿದರೆ ಸುಮಾರು 470. ಅಂದರೆ ಒಂದು ಐಪಿಯಿಂದ ಒಂದೇ ವಿಳಾಸ, ಒಂದೇ ಪೋರ್ಟಿಗೆ ಸೆಕೆಂಡಿಗೆ 470ರ ಆಚೆ ಹೊಸ ಕನೆಕ್ಷನ್ ತೆರೆಯುತ್ತಾ ಹೋದರೆ ಪೋರ್ಟ್‌ಗಳು ಖಾಲಿಯಾಗುತ್ತವೆ. ಕರ್ನಲ್ ಸೆಟ್ಟಿಂಗ್ ತಿರುವಿ ಸ್ವಲ್ಪ ದಿನ ತಳ್ಳಬಹುದು. ಸರಿಯಾದ ಪರಿಹಾರ ಕನೆಕ್ಷನ್ನನ್ನು ಮರುಬಳಕೆ ಮಾಡುವುದು. ಅದನ್ನು ಮಾಡಬೇಕಾದ ಜಾಗ ಕೋಡ್. ಹಾಗಾಗಿಯೇ ಪ್ರೊಡಕ್ಷನ್ ಎಂಜಿನಿಯರ್‌ಗೆ ಬೇರೆಯವರ ಕೋಡ್ ಓದಲು ಬರಬೇಕು.

ಕೋಡ್ ಬರೆಯುವುದೂ ಬರಬೇಕು. ಬ್ಯಾಷ್ ಸಾಕಷ್ಟು, ಪೈಥಾನ್ ಅಥವಾ ಗೋ ಇವುಗಳಲ್ಲಿ ಒಂದು ಚೆನ್ನಾಗಿ. ಗಿಟ್ ಅಂತೂ ಹೇಳಬೇಕಾಗಿಲ್ಲ. ದೊಡ್ಡ ಅಲ್ಗಾರಿದಮ್‌ಗಳಿಗಿಂತ ಇಲ್ಲಿ ಬೇಕಾದದ್ದು ಎಚ್ಚರಿಕೆಯ ಕೋಡ್. ನಿಮ್ಮ ಸ್ಕ್ರಿಪ್ಟ್ ಅರ್ಧಕ್ಕೆ ನಿಂತರೆ ಏನಾಗುತ್ತದೆ? ಎರಡು ಸಲ ಓಡಿಸಿದರೆ ಕೆಡುತ್ತದಾ? ಏನು ಮಾಡಲಿದೆ ಅಂತ ಮೊದಲು ತೋರಿಸಿ, ಆಮೇಲೆ ಮಾಡುವ ಹಾಗಿದೆಯಾ? ಒಂದೇ ಏಟಿಗೆ ಸಾವಿರ ಸರ್ವರ್ ಮುಟ್ಟುತ್ತದಾ, ಒಂದನ್ನು ಮುಟ್ಟಿ ನಿಂತು ನೋಡುತ್ತದಾ? ಈಗ ಎಐ ಕೇಳಿದ ತಕ್ಷಣ ಸ್ಕ್ರಿಪ್ಟ್ ಬರೆದುಕೊಡುತ್ತದೆ. ಬರೆಸಿಕೊಳ್ಳಿ, ತಪ್ಪಿಲ್ಲ. ಆದರೆ ಈ ಪ್ರಶ್ನೆಗಳನ್ನು ಕೇಳದೆ ಪ್ರೊಡಕ್ಷನ್‌ನಲ್ಲಿ ಓಡಿಸಬೇಡಿ.

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿಗೆ ಆದದ್ದನ್ನು ಈ ಕ್ಷೇತ್ರದವರೆಲ್ಲ ಓದಬೇಕು. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹೋಯಿತು, ಒಂದಕ್ಕೆ ಹೋಗಲಿಲ್ಲ. ಹೊಸ ಕೋಡ್ ಬಳಸುತ್ತಿದ್ದ ಫ್ಲ್ಯಾಗ್ (ಆನ್-ಆಫ್ ಗುರುತು) ಒಂದು ಕಾಲದಲ್ಲಿ ಬೇರೆ ಕೆಲಸಕ್ಕೆ ಇದ್ದದ್ದು. ಎಷ್ಟೋ ವರ್ಷಗಳಿಂದ ಬಳಸದ ಆ ಹಳೆಯ ಕೋಡ್ ಎಂಟನೇ ಸರ್ವರಿನಲ್ಲಿ ಹಾಗೇ ಉಳಿದಿತ್ತು. ಫ್ಲ್ಯಾಗ್ ಆನ್ ಆದಾಗ ಅದು ಎದ್ದು, ನಿಲ್ಲಿಸದೆ ಆರ್ಡರ್ ಹಾಕತೊಡಗಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಎಂಟೂ ಸರ್ವರ್‌ಗಳಲ್ಲಿ ಒಂದೇ ಕೋಡ್ ಇದೆಯಾ ಅಂತ ಹೋಲಿಸಿ ನೋಡುವ ಪುಟ್ಟ ಸ್ಕ್ರಿಪ್ಟ್ ಇದ್ದಿದ್ದರೆ ಆ ವ್ಯತ್ಯಾಸ ಮಾರುಕಟ್ಟೆ ತೆರೆಯುವ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ಬಳಸದ ಕೋಡನ್ನು ಕಿತ್ತುಹಾಕುವುದೂ ಈ ಕೆಲಸದ ಭಾಗ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಲೆಕ್ಕದ ಬಗ್ಗೆ ಸ್ವಲ್ಪ. ಹೆದರಬೇಡಿ, ಗುಣಾಕಾರ ಭಾಗಾಕಾರ ಸಾಕು. ‘ಶೇ. 99.9 ಸಮಯ ಸರ್ವೀಸ್ ಇರಬೇಕು’ ಅಂದರೆ 30 ದಿನದಲ್ಲಿ ಸುಮಾರು 43 ನಿಮಿಷ ಬೀಳಲು ಅವಕಾಶವಿದೆ. ಇನ್ನೊಂದು 9 ಸೇರಿಸಿದರೆ ಅದು 4 ನಿಮಿಷ ಚಿಲ್ಲರೆ. ಎಚ್ಚರಿಕೆಯ ಸಂದೇಶ ಬಂದು, ಮನುಷ್ಯ ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲೇ ಆ 4 ನಿಮಿಷ ಮುಗಿದಿರುತ್ತದೆ. ಹಾಗಾದರೆ ನಾಲ್ಕು 9 ಬೇಕೆನ್ನುವವರು ಮನುಷ್ಯರನ್ನು ನಂಬುವಂತಿಲ್ಲ, ಸಿಸ್ಟಮ್ ತಾನೇ ಸರಿಹೋಗಬೇಕು. ಮೀಟಿಂಗಿನಲ್ಲಿ ಈ ಒಂದು ಭಾಗಾಕಾರ ಮಾಡಿ ತೋರಿಸಿದರೆ ಚರ್ಚೆಯ ದಾರಿಯೇ ಬದಲಾಗುತ್ತದೆ.

ಸರಾಸರಿಯನ್ನು ನಂಬಬೇಡಿ ಅನ್ನುವುದು ಇನ್ನೊಂದು. ಒಂದು ಪೇಜ್ ತೋರಿಸಲು ಹಿಂದೆ 100 ಸರ್ವೀಸ್‌ಗಳನ್ನು ಕೇಳಬೇಕು, ಪ್ರತಿಯೊಂದೂ ನೂರರಲ್ಲಿ ಒಂದು ಸಲ ಮಾತ್ರ ನಿಧಾನವಾಗುತ್ತದೆ ಅಂದುಕೊಳ್ಳಿ. ಒಂದೊಂದರ ಸರಾಸರಿಯೂ ಚೆನ್ನಾಗಿಯೇ ಕಾಣುತ್ತದೆ. ಆದರೆ 0.99ನ್ನು ನೂರು ಸಲ ಗುಣಿಸಿ ನೋಡಿ. ನೂರಕ್ಕೆ 63 ಜನ ನಿಧಾನದ ಪೇಜನ್ನೇ ನೋಡುತ್ತಾರೆ. ಹಾಗೆಯೇ ಒಂದು ಸರ್ವರಿನ ಬಳಕೆ ಶೇ. 50 ಇದ್ದದ್ದು 90ಕ್ಕೆ ಏರಿದರೆ ತಡವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ ಅಂತ ಅನ್ನಿಸುತ್ತದೆ. ಆದರೆ ಸರದಿ ಸಾಲಿನ (ಕ್ಯೂ) ಸರಳ ಗಣಿತದ ಪ್ರಕಾರ, ಖಾಲಿ ಸರ್ವರಿಗೆ ಹೋಲಿಸಿದರೆ 50ರಲ್ಲಿ ಒಂದು ಕೆಲಸ ಮುಗಿಯಲು ಎರಡು ಪಟ್ಟು ಸಮಯ, 80ರಲ್ಲಿ ಐದು ಪಟ್ಟು, 90ರಲ್ಲಿ ಹತ್ತು ಪಟ್ಟು, 95ರಲ್ಲಿ ಇಪ್ಪತ್ತು ಪಟ್ಟು. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇವತ್ತು ಸ್ವಲ್ಪವೇ ಟ್ರಾಫಿಕ್ ಜಾಸ್ತಿಯಾಗಿದ್ದಕ್ಕೆ ಯಾಕೆ ಕುಸಿಯಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಕುಸಿದಾಗ ಅದನ್ನು ಇನ್ನಷ್ಟು ಕೆಳಗೆ ಒತ್ತುವುದು ನಮ್ಮದೇ ಒಳ್ಳೆಯ ಉದ್ದೇಶದ ಕೋಡ್. ಒಂದು ಕರೆ ವಿಫಲವಾದರೆ ಮೂರು ಸಲ ಮತ್ತೆ ಪ್ರಯತ್ನಿಸು ಅಂತ ಬರೆದಿರುತ್ತೇವೆ. ಮೂರು ಹಂತಗಳಲ್ಲಿ ಮೂರು ತಂಡದವರೂ ಹಾಗೇ ಬರೆದಿದ್ದರೆ? ಒಂದೊಂದು ಹಂತದಲ್ಲಿ ನಾಲ್ಕು ಪ್ರಯತ್ನ. ನಾಲ್ಕು ನಾಲ್ಕಲ ಹದಿನಾರು, ಹದಿನಾರು ನಾಲ್ಕಲ ಅರವತ್ತನಾಲ್ಕು. ಮೊದಲೇ ಏದುಸಿರು ಬಿಡುತ್ತಿರುವ ಡೇಟಾಬೇಸ್ ಮೇಲೆ ಒಂದರ ಬದಲು 64 ಕರೆ ಬೀಳುತ್ತವೆ. ಪ್ರತಿ ಪ್ರಯತ್ನದ ನಡುವೆ ಕಾಯುವ ಸಮಯ ಹೆಚ್ಚಿಸುತ್ತಾ ಹೋಗಬೇಕು, ಎಲ್ಲರೂ ಒಟ್ಟಿಗೆ ಬರದ ಹಾಗೆ ಆ ಸಮಯವನ್ನು ಅಲ್ಲಲ್ಲಿ ಚದುರಿಸಬೇಕು, ಒಂದೇ ಹಂತದಲ್ಲಿ ಮಾತ್ರ ಮರುಪ್ರಯತ್ನ ಇಡಬೇಕು.

ಇಷ್ಟೂ ಯಂತ್ರದ ವಿಷಯ. ಯಂತ್ರ ಬಿದ್ದಾಗ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಇದಕ್ಕಿಂತ ಕಷ್ಟದ ಪಾಠ. ಫೋನ್ ಹೊಡೆದುಕೊಳ್ಳುತ್ತಿದೆ, ಮೇಲಿನವರು ‘ಯಾವಾಗ ಸರಿಹೋಗುತ್ತದೆ’ ಅಂತ ಕೇಳುತ್ತಿದ್ದಾರೆ, ಐದು ಜನ ಐದು ಕಡೆ ಕೈ ಹಾಕಿದ್ದಾರೆ. ಇಂಥ ಹೊತ್ತಿನಲ್ಲಿ ಒಬ್ಬರು ಮುಂದಾಳು ಆಗಬೇಕು. ಅವರು ಕೀಬೋರ್ಡ್ ಮುಟ್ಟಬಾರದು. ಯಾರು ಏನು ನೋಡುತ್ತಿದ್ದಾರೆ, ಏನು ಬದಲಾಯಿಸುತ್ತಿದ್ದಾರೆ ಅಂತ ಹಿಡಿದಿಟ್ಟುಕೊಳ್ಳುವುದಷ್ಟೇ ಅವರ ಕೆಲಸ. ಉಳಿದವರು ಕಮಾಂಡ್ ಒತ್ತುವ ಮೊದಲು ಚಾಟ್‌ನಲ್ಲಿ ಒಂದು ಸಾಲು ಬರೆಯಬೇಕು: ‘ಇಂಥ ಸರ್ವರಿನಲ್ಲಿ ಇಂಥದ್ದನ್ನು ರೀಸ್ಟಾರ್ಟ್ ಮಾಡುತ್ತಿದ್ದೇನೆ, ಹೀಗಾಗಬಹುದು ಅಂದುಕೊಂಡಿದ್ದೇನೆ.’ ಈ ಸಾಲು ಬರೆಯುವಾಗಲೇ ಎಷ್ಟೋ ತಪ್ಪು ಕಮಾಂಡ್‌ಗಳು ಅಲ್ಲೇ ನಿಂತುಹೋಗುತ್ತವೆ. ಮೊದಲು ಬಳಕೆದಾರರ ತೊಂದರೆ ನಿಲ್ಲಿಸಿ. ಹಿಂದಿನ ವರ್ಷನ್‌ಗೆ ವಾಪಸ್ ಹೋಗುವುದಾದರೆ ಹೋಗಿಬಿಡಿ. ಕಾರಣವನ್ನು ಆಮೇಲೆ ಹುಡುಕಬಹುದು. ಹಾಗಂತ ಸಾಕ್ಷಿಯನ್ನು ಅಳಿಸಿಬಿಡಬೇಡಿ. ರೀಸ್ಟಾರ್ಟ್ ಮಾಡುವ ಮೊದಲು ಅರ್ಧ ನಿಮಿಷ ಕೊಟ್ಟು ಲಾಗ್, ಥ್ರೆಡ್‌ಗಳ ಸ್ಥಿತಿ, ಎಸ್‌ಎಸ್‌ನ ಔಟ್‌ಪುಟ್ ಉಳಿಸಿಕೊಳ್ಳಿ. ಸಾಧ್ಯವಾದರೆ ಕೆಟ್ಟ ಸರ್ವರ್‌ಗಳಲ್ಲಿ ಒಂದನ್ನು ಟ್ರಾಫಿಕ್‌ನಿಂದ ಹೊರಗೆ ತೆಗೆದು ಹಾಗೇ ಇಟ್ಟುಕೊಳ್ಳಿ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಾಯವಾಗಿದ್ದು ನೆನಪಿರಬಹುದು. ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬೆನ್ನೆಲುಬಿನ ನೆಟ್‌ವರ್ಕ್ ಮೇಲೆ ನಿರ್ವಹಣೆಗಾಗಿ ಹಾಕಿದ ಒಂದು ಕಮಾಂಡ್ ಎಲ್ಲ ಸಂಪರ್ಕವನ್ನೂ ಕಡಿದುಹಾಕಿತು. ಅಂಥ ಕಮಾಂಡನ್ನು ತಡೆಯಬೇಕಿದ್ದ ಪರಿಶೀಲನೆಯ ಟೂಲ್‌ನಲ್ಲೇ ಬಗ್ ಇತ್ತು. ಅವರ ಡಿಎನ್‌ಎಸ್ ಸರ್ವರ್‌ಗಳು ಡೇಟಾ ಸೆಂಟರ್ ಸಿಗದಿದ್ದರೆ ‘ನಾನು ಸರಿಯಿಲ್ಲ’ ಅಂತ ತಿಳಿದು ತಮ್ಮ ದಾರಿಯನ್ನು ಇಂಟರ್ನೆಟ್‌ನಿಂದ ವಾಪಸ್ ತೆಗೆದುಕೊಳ್ಳುವ ಹಾಗೆ ಕಟ್ಟಲ್ಪಟ್ಟಿದ್ದವು. ಎಲ್ಲವೂ ಒಟ್ಟಿಗೆ ಹಾಗೇ ಮಾಡಿದವು. ಸರಿಪಡಿಸಲು ಬಳಸುವ ಒಳಗಿನ ಟೂಲ್‌ಗಳೂ ಅದೇ ಡಿಎನ್‌ಎಸ್ ನಂಬಿಕೊಂಡಿದ್ದರಿಂದ ಅವೂ ಕೈಕೊಟ್ಟವು. ಎಂಜಿನಿಯರ್‌ಗಳನ್ನು ಡೇಟಾ ಸೆಂಟರಿಗೇ ಕಳಿಸಬೇಕಾಯಿತು. ಇದನ್ನು ಓದಿದ ಮೇಲೆ ನಿಮ್ಮ ಸಿಸ್ಟಮ್ಮಿನ ಬಗ್ಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಎಲ್ಲ ಬಿದ್ದಾಗ ನಾನು ಎತ್ತಿಕೊಳ್ಳುವ ಟೂಲ್, ಬಿದ್ದಿರುವುದರ ಮೇಲೆಯೇ ನಿಂತಿದೆಯಾ? ಡಾಕ್ಯುಮೆಂಟ್ ಇಟ್ಟಿರುವ ಜಾಗಕ್ಕೂ ಇದು ಅನ್ವಯಿಸುತ್ತದೆ.

ಬ್ಯಾಕಪ್ ಬಗ್ಗೆ ಹೇಳಲು 2017ರ ಜನವರಿ 31ರ ಗಿಟ್‌ಲ್ಯಾಬ್ (ಕೋಡ್ ಇಟ್ಟುಕೊಳ್ಳುವ ತಾಣ) ಘಟನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ತಡರಾತ್ರಿ. ಡೇಟಾಬೇಸಿನ ಎರಡನೇ ಪ್ರತಿ ಹಿಂದೆ ಬಿದ್ದಿದೆ. ಅದರ ಫೋಲ್ಡರ್ ಖಾಲಿ ಮಾಡಿ ಮತ್ತೆ ತುಂಬಿಸೋಣ ಅಂತ ಎಂಜಿನಿಯರ್ ಅಳಿಸುವ ಕಮಾಂಡ್ ಹಾಕಿದರು. ಅದು ಓಡಿದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಸರಿ, ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ದಿನವೂ ಆಗಬೇಕಿದ್ದ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ಆಗುತ್ತಲೇ ಇರಲಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ವರ್ಷನ್ ಒಂದು, ಡಂಪ್ ಮಾಡುವ ಪ್ರೋಗ್ರಾಮಿನ ವರ್ಷನ್ ಇನ್ನೊಂದು. ಅದು ವಿಫಲವಾಗುತ್ತಿದೆ ಅಂತ ತಿಳಿಸುವ ಇಮೇಲ್‌ಗಳು ಸರಿಯಾಗಿ ಸಹಿಯಾಗದೆ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕಾಪಾಡಿದ್ದು, ಬೇರೆ ಕೆಲಸಕ್ಕೆ ಅಂತ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಆ ಆರು ಗಂಟೆಯ ಡೇಟಾಬೇಸ್ ಬದಲಾವಣೆಗಳು ಹೋದವು.

ನನಗೆ ಅವರ ಬಗ್ಗೆ ಅಪಾರ ಗೌರವ. ಸರಿಪಡಿಸುವ ಕೆಲಸವನ್ನು ಅವರು ಎಲ್ಲರಿಗೂ ಕಾಣುವ ಡಾಕ್ಯುಮೆಂಟಿನಲ್ಲಿ ಬರೆಯುತ್ತಾ ಹೋದರು. ಆಮೇಲೆ ಬರೆದ ವರದಿಯಲ್ಲಿ ಆ ಎಂಜಿನಿಯರ್ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲಿಲ್ಲ. ‘ಯಾಕೆ ಹಾಗೆ ಮಾಡಿದೆ’ ಅಂತ ಒಬ್ಬರನ್ನು ಬೈದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ‘ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಏನು ಕಾಣುತ್ತಿತ್ತು’ ಅಂತ ಕೇಳಿದರೆ ವಿಷಯ ಹೊರಗೆ ಬರುತ್ತದೆ. ಎರಡೂ ಸರ್ವರ್‌ಗಳ ಟರ್ಮಿನಲ್ ಒಂದೇ ಥರ ಕಾಣುತ್ತಿದ್ದರೆ ಪ್ರಾಂಪ್ಟಿನ ಬಣ್ಣ ಬದಲಾಯಿಸಬಹುದು. ಬ್ಯಾಕಪ್ಪನ್ನು ವಾರಕ್ಕೊಮ್ಮೆ ತಾನಾಗಿ ಬೇರೆ ಕಡೆ ರೀಸ್ಟೋರ್ ಮಾಡಿ, ಒಳಗಿನ ಸಾಲುಗಳನ್ನು ಎಣಿಸಿ ನೋಡುವ ಕೆಲಸ ಹಚ್ಚಬಹುದು. ರೀಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಎಣಿಸುವುದೇ ಇಲ್ಲ.

ಅಲರ್ಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ನಿದ್ದೆಯಿಂದ ಎಬ್ಬಿಸುವ ಅಲರ್ಟ್ ಬಳಕೆದಾರರಿಗೆ ತೊಂದರೆ ಆಗುತ್ತಿದೆ ಅಂತ ಹೇಳಬೇಕು, ಇಲ್ಲವೇ ಇನ್ನು ಸ್ವಲ್ಪ ಹೊತ್ತಿನಲ್ಲಿ ಆಗಲಿದೆ ಅಂತ ಹೇಳಬೇಕು. ‘ಸಿಪಿಯು ಶೇ. 90’ ಅಂತ ರಾತ್ರಿ ಎಬ್ಬಿಸುವುದರಲ್ಲಿ ಅರ್ಥವಿಲ್ಲ. ಸಿಪಿಯು ಇರುವುದೇ ಕೆಲಸ ಮಾಡಲು, ಅಲ್ವಾ? ಎಬ್ಬಿಸಿದ ಮೇಲೆ ಮಾಡಲು ಏನೂ ಇಲ್ಲದ ಅಲರ್ಟನ್ನು ಮಾರನೇ ದಿನವೇ ತೆಗೆದುಹಾಕಿ. ಸುಳ್ಳು ಅಲರ್ಟ್‌ಗಳಿಗೆ ಒಗ್ಗಿಹೋದ ತಂಡ ನಿಜವಾದದ್ದು ಬಂದಾಗಲೂ ಮಗ್ಗಲು ಬದಲಿಸಿ ಮಲಗುತ್ತದೆ.

ಇದನ್ನೆಲ್ಲ ಕೆಲಸ ಸಿಗುವ ಮೊದಲು ಹೇಗೆ ಕಲಿಯುವುದು? ಪ್ರೊಡಕ್ಷನ್ ಇಲ್ಲದೆ ಪ್ರೊಡಕ್ಷನ್ ಅನುಭವ ಹೇಗೆ ಬರುತ್ತದೆ ಅಂತ ಕೇಳುವವರು ತುಂಬಾ ಜನ. ಲ್ಯಾಪ್‌ಟಾಪಿನಲ್ಲಿ ಎರಡು ವರ್ಚುವಲ್ ಮೆಷಿನ್ ಸಾಕು. ಒಂದರಲ್ಲಿ ಎನ್‌ಜಿನ್‌ಎಕ್ಸ್, ಪುಟ್ಟ ಅಪ್ಲಿಕೇಶನ್, ಪೋಸ್ಟ್‌ಗ್ರೆಸ್ ಹಾಕಿ. ಇನ್ನೊಂದರಿಂದ ಟ್ರಾಫಿಕ್ ಕಳಿಸುತ್ತಾ ಇರಿ. ಆಮೇಲೆ ಬೇಕಂತಲೇ ಕೆಡಿಸಿ. ತೆರೆದಿರುವ ಲಾಗ್ ಫೈಲ್ ಅಳಿಸಿ. ಖಾಲಿ ಫೈಲ್‌ಗಳನ್ನು ಲಕ್ಷಗಟ್ಟಲೆ ಸೃಷ್ಟಿಸಿ ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ದಾಖಲೆ) ಮುಗಿಸಿ. ಆಗ ಡಿಎಫ್ ಜಾಗ ಇದೆ ಅನ್ನುತ್ತದೆ, ಆದರೂ ಹೊಸ ಫೈಲ್ ಹುಟ್ಟುವುದಿಲ್ಲ. ಡಿಎಫ್‌ಗೆ ‘ಐ’ ಆಪ್ಷನ್ ಕೊಟ್ಟರೆ ಕಾರಣ ಕಾಣುತ್ತದೆ. ಮೊದಲ ಡಿಎನ್‌ಎಸ್ ಸರ್ವರ್ ಜಾಗದಲ್ಲಿ ಯಾರೂ ಇಲ್ಲದ ವಿಳಾಸ ಬರೆದು ಆ 5 ಸೆಕೆಂಡನ್ನು ಕಣ್ಣಾರೆ ನೋಡಿ. ಇದಕ್ಕಿಂತ ಚೆನ್ನಾಗಿರುವುದು, ಸ್ನೇಹಿತರ ಕೈಯಲ್ಲಿ ಕೆಡಿಸಲು ಹೇಳಿ ನೀವು ಕಂಡುಹಿಡಿಯುವುದು. ಏನು ಕೆಡಿಸಿದ್ದಾರೆ ಅಂತ ಅವರು ಹೇಳಬಾರದು. ನೀವು ಪ್ರತಿ ಕಮಾಂಡ್ ಹಾಕುವ ಮೊದಲು ‘ಇದು ಹೀಗೆ ತೋರಿಸಬಹುದು’ ಅಂತ ಒಂದು ಸಾಲು ಬರೆದುಕೊಳ್ಳಿ. ಬರೆದದ್ದಕ್ಕೂ ಕಂಡದ್ದಕ್ಕೂ ಹೊಂದದಿದ್ದರೆ ಅಲ್ಲೇ ನಿಲ್ಲಿ. ನಿಮಗೆ ತಿಳಿಯದ ವಿಷಯ ಇರುವುದು ಅಲ್ಲೇ.

ಮೊದಲನೆಯದಾಗಿ ಇದನ್ನು ಮಾಡಿ. ಸರ್ವರ್ ಇರುವ ಮೆಷಿನ್ನಿನಲ್ಲಿ ಟಿಸಿ ಕಮಾಂಡಿನ ನೆಟೆಮ್ ಬಳಸಿ ನೂರಕ್ಕೆ ಐದು ಪ್ಯಾಕೆಟ್ ಬೀಳುವ ಹಾಗೆ ಮಾಡಿ. ಇನ್ನೊಂದರಿಂದ ಕರ್ಲ್‌ನಲ್ಲಿ ಒಂದು ದೊಡ್ಡ ಫೈಲ್ ಇಳಿಸಿಕೊಳ್ಳಿ. ಎರಡನೇ ಟರ್ಮಿನಲ್‌ನಲ್ಲಿ, ಕಳಿಸುತ್ತಿರುವ ಮೆಷಿನ್ನಿನ ಮೇಲೆ, ಎಸ್‌ಎಸ್‌ಗೆ ‘ಟಿ’ ಮತ್ತು ‘ಐ’ ಆಪ್ಷನ್ ಕೊಟ್ಟು ಸೆಕೆಂಡಿಗೊಮ್ಮೆ ನೋಡುತ್ತಿರಿ. ಅಲ್ಲಿ ಮರುರವಾನೆಯ ಲೆಕ್ಕ ಏರುತ್ತಾ ಹೋಗುತ್ತದೆ, ಪಕ್ಕದಲ್ಲಿ ಕಂಜೆಶನ್ ವಿಂಡೋ (ಉತ್ತರಕ್ಕೆ ಕಾಯದೆ ಒಮ್ಮೆಗೆ ಎಷ್ಟು ಪ್ಯಾಕೆಟ್ ಕಳಿಸಬಹುದು ಅನ್ನುವ ಮಿತಿ) ಏರುವುದು, ದಿಢೀರನೆ ಇಳಿಯುವುದು, ಮತ್ತೆ ಏರುವುದು ಕಾಣುತ್ತದೆ. ನೂರಕ್ಕೆ ಐದು ಮಾತ್ರ ಬಿದ್ದರೂ ಡೌನ್‌ಲೋಡ್ ವೇಗ ಶೇ. 5ರಷ್ಟು ಮಾತ್ರ ಇಳಿಯಿತಾ, ಇನ್ನೂ ಜಾಸ್ತಿಯಾ ನೋಡಿ. ಯಾಕೆ ಅಂತ ವಿಂಡೋ ಸಂಖ್ಯೆಯಿಂದಲೇ ವಿವರಿಸಲು ಪ್ರಯತ್ನಿಸಿ. ಆಮೇಲೆ ಐದನ್ನು ಒಂದಕ್ಕೆ ಇಳಿಸಿ, ಅದರ ಜೊತೆ 100 ಮಿಲಿಸೆಕೆಂಡ್ ತಡ ಸೇರಿಸಿ, ಮತ್ತೆ ಓಡಿಸಿ.